ಬಿಸಿ ರೊಟ್ಟಿ, ಮುಳಗಾಯಿ ಪಲ್ಯ: ಕೊಪ್ಪಳ ಸೀಮೆಯ ಖಾನಾವಳಿಗಳು

ಕೋರ್ಟು, ಕಚೇರಿ ಕೆಲಸಕ್ಕೆಂದು ಹಳ್ಳಿಯಿಂದ ಕೊಪ್ಪಳಕ್ಕೆ ಬಂದವರು ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ? ಬುತ್ತಿ ಕಟ್ಟಿಕೊಂಡು ಬಂದವರು ಬೇವಿನ ಗಿಡದ ನೆರಳು ನೋಡಿಕೊಳ್ಳುತ್ತಾರೆ. ಉಳಿದವರು ಖಾನಾವಳಿಯ ದಾರಿ ಹಿಡಿಯುತ್ತಾರೆ. ಎಪಿಎಂಸಿಗೆ ಮಾಲು ತಂದ ರೈತ, ಚೀಲ ಹೊರುವ ಹಮಾಲ, ಬಸ್ಸಿನ ಕಂಡಕ್ಟರ್, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಗುಮಾಸ್ತ, ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ ಎಲ್ಲರೂ ಅಲ್ಲಿ ಒಂದೇ ಬೆಂಚಿನವರು.

ಹೊರಗಿನಿಂದ ನೋಡಿದರೆ ಖಾನಾವಳಿಗೆ ಆಕರ್ಷಣೆ ಕಡಿಮೆ. ಬಸವೇಶ್ವರರ ಹೆಸರೋ ಗವಿಸಿದ್ಧೇಶ್ವರರ ಹೆಸರೋ ಇರುವ ಒಂದು ಬೋರ್ಡು, ಹೊಗೆಗೆ ಕಂದಿದ ಗೋಡೆ, ಉದ್ದನೆಯ ಟೇಬಲ್ಲು, ಸ್ಟೀಲಿನ ತಂಬಿಗೆ. ಮೆನು ಕಾರ್ಡಿಲ್ಲ, ಯಾರೂ ಕೇಳುವುದೂ ಇಲ್ಲ. ಇವತ್ತು ಮನೆಯಲ್ಲಿ ಏನು ಮಾಡಿದ್ದಾರೋ ಅದೇ ಊಟ. "ಬರ್ರಿ, ಕುಂಡ್ರಿ. ಬಿಸಿ ರೊಟ್ಟಿ ಹಾಕ್ಲ್ಯಾ, ಖಡಕ್ ರೊಟ್ಟಿ ಹಾಕ್ಲ್ಯಾ?" ಆಯ್ಕೆ ಎಂದರೆ ಇಷ್ಟೇ.

ಕೂತ ಕೂಡಲೇ ತಾಟಿನ ಅಂಚಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ ಬಂದು ಬೀಳುತ್ತವೆ. ಹಿಂಡಿಯ ನಡುವೆ ಕುಳಿ ಮಾಡಿ ಎಣ್ಣೆಯನ್ನೋ ಮೊಸರನ್ನೋ ಹಾಕಿಸಿಕೊಳ್ಳಬೇಕು. ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ದಿನ ಚೆನ್ನಾಗಿದ್ದರೆ ಎಳೆಯ ಮೆಂತ್ಯದ ಸೊಪ್ಪು ಹಸಿಯಾಗಿಯೇ. ಕಾಳಿನ ಪಲ್ಯ ಮಡಕಿಯದೋ ಹೆಸರಿನದೋ. ಪುಂಡಿ ಪಲ್ಯ, ಝುಣಕ, ಬ್ಯಾಳಿ ದಿನಕ್ಕೊಂದರಂತೆ. ಆದರೆ ಖಾನಾವಳಿಯ ಮರ್ಯಾದೆ ನಿಂತಿರುವುದು ಮುಳಗಾಯಿ ಎಣ್ಣಿಗಾಯಿಯ ಮೇಲೆ. ಸಣ್ಣ ಬದನೆಯನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಗುರೆಳ್ಳು, ಮಸಾಲೆ ಖಾರ, ಹುಣಸೆ, ಬೆಲ್ಲ ತುಂಬಿ, ಎಣ್ಣೆ ಮೇಲೆ ತೇಲುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಕಾಯಿ ಕರಗಬಾರದು, ಬೆರಳಿಟ್ಟರೆ ಮಾತ್ರ ಒಡೆಯಬೇಕು. ಉರಿ ಅವಸರ ಮಾಡಿದ ದಿನ ಮೊದಲ ತುತ್ತಿಗೇ ತಿಳಿಯುತ್ತದೆ, ಮತ್ತೆ ಬಡಿಸಿ ಎನ್ನುವವರು ಇರುವುದಿಲ್ಲ.

ಇಷ್ಟೆಲ್ಲ ಇದ್ದರೂ ಪಲ್ಯ ರೊಟ್ಟಿಯ ಸಲುವಾಗಿ. ಗೋಧಿ ಹಿಟ್ಟನ್ನು ಹಿಡಿದಿಡುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾರೆ. ಬಿಸಿನೀರಿಗೆ ಜೋಳದ ಪಿಷ್ಟ ಸ್ವಲ್ಪ ಬೆಂದು ಹಿಟ್ಟು ಒಂದುಗೂಡುತ್ತದೆ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಬೇಕು. ಆರಿದ ಹಿಟ್ಟು ಬಿರಿಯುತ್ತದೆ. ಹಳೆಯ ಹಿಟ್ಟಿಗೂ, ಕಟಾವಿನ ಹೊತ್ತಿಗೆ ಮಳೆಗೆ ಸಿಕ್ಕ ಜೋಳದ ಹಿಟ್ಟಿಗೂ ಜಿಗಿ ಇರುವುದಿಲ್ಲ. ಆದ್ದರಿಂದ ಒಳ್ಳೆಯ ಖಾನಾವಳಿಯವರು ಹಿಟ್ಟನ್ನು ಆಗಾಗ ಅಷ್ಟಷ್ಟೇ ಬೀಸಿಸುತ್ತಾರೆ, ಜೋಳ ಕೊಳ್ಳುವಾಗ ಹಿಂಗಾರಿನ ಬಿಳಿ ಮಾಲ್ದಂಡಿಯನ್ನೇ ಹುಡುಕುತ್ತಾರೆ.

ಉಂಡೆಯನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ಬಡಿಯುತ್ತ ಬಡಿಯುತ್ತ ಅದನ್ನು ತಿರುಗಿಸುವ ಕೆಲಸವನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸುವುದಿಲ್ಲ. ಒಂದು ಕೈ ಬಡಿದರೆ ಇನ್ನೊಂದು ಅಂಚು ಕಾಯುತ್ತದೆ. ರೊಟ್ಟಿ ಹರಿಯದಂತೆ ಎತ್ತಿ ಹಂಚಿಗೆ ಹಾಕುವುದು, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವುದು, ನೀರಾರುವಷ್ಟರಲ್ಲಿ ಮಗುಚುವುದು. ಉಬ್ಬಿ ಬಂದ ರೊಟ್ಟಿ ನೇರ ತಾಟಿಗೆ. ಅಷ್ಟರಲ್ಲಿ ಕಲ್ಲಿನ ಮೇಲೆ ಮತ್ತೊಂದು ಅರ್ಧ ಆಗಿರುತ್ತದೆ. ಊಟದ ಹೊತ್ತು ಮುಗಿಯುವ ತನಕ ಒಲೆಯ ಮುಂದಿನ ಆ ಹೆಂಗಸಿಗೆ ಎದ್ದು ನೀರು ಕುಡಿಯಲೂ ಬಿಡುವಿಲ್ಲ. ಬೋರ್ಡಿನ ಮೇಲೆ ದೇವರ ಹೆಸರಿದೆ, ಗಲ್ಲೆಯ ಮೇಲೆ ಮಾಲೀಕರಿದ್ದಾರೆ. ಗಿರಾಕಿಗಳನ್ನು ವರ್ಷಗಟ್ಟಲೆ ಹಿಡಿದಿಟ್ಟಿರುವುದು ಮಾತ್ರ ಈ ಕೈ. ಖಾನಾವಳಿಯ ಬಗ್ಗೆ ಮಾತಾಡುವವರು ಮೊದಲು ಹೇಳಬೇಕಾದ ಸಂಗತಿ ಇದು ಎಂದು ನನ್ನ ನಂಬಿಕೆ.

ಜಿಲ್ಲೆಯ ಒಳಗೆ ಅಡ್ಡಾಡಿದರೆ ತಾಟು ಬದಲಾಗುತ್ತದೆ. ಮುನಿರಾಬಾದಿನಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ 1953ರಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಅಕ್ಕಿ ಗಿರಣಿಗಳು ಎದ್ದವು. ಅಲ್ಲಿನ ಖಾನಾವಳಿಯಲ್ಲಿ ರೊಟ್ಟಿ ಎರಡಕ್ಕೆ ನಿಂತು ಅನ್ನ ಬೆಟ್ಟವಾಗುತ್ತದೆ. ಸಾರಿನ ಪಕ್ಕದಲ್ಲಿ ಆಂಧ್ರದ ಉಪ್ಪಿನಕಾಯಿ, ಪಪ್ಪು ಬಂದು ಕೂತಿವೆ. ಕುಷ್ಟಗಿ, ಯಲಬುರ್ಗಾ ಕಡೆ ಆ ಕಾಲುವೆ ಹೋಗಲಿಲ್ಲ. ಮಳೆ ನಂಬಿದ ಹೊಲ, ಜೋಳ, ಸಜ್ಜೆ, ಶೇಂಗಾ, ತೊಗರಿ, ಕಡಲೆ. ಅಲ್ಲಿ ಅನ್ನವೆಂಬುದು ಕೊನೆಗೆ ಮಜ್ಜಿಗೆಗೆ ಬೇಕಾಗುವ ಒಂದು ಹಿಡಿ. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಿಕ್ಕರೆ ಜೋಳವನ್ನೂ ಮರೆಯಬಹುದು. ಹೊಸಪೇಟೆ–ವಿಜಯಪುರ ಹೆದ್ದಾರಿ ಕುಷ್ಟಗಿಯ ಮೇಲೆ ಹೋಗುವುದರಿಂದ ಅಲ್ಲಿನ ಖಾನಾವಳಿಗಳಿಗೆ ಲಾರಿ ಚಾಲಕರ ನಂಟೂ ಇದೆ. ಇನ್ನು ಮಾಂಸದೂಟ ಬೇಕೆನ್ನುವವರಿಗೆ ಸಾವಜಿ ಖಾನಾವಳಿಗಳು ಬೇರೆಯೇ ಇವೆ. ಅವುಗಳ ಕೆಂಪು ರಸದ ಕಥೆ ಇನ್ನೊಂದು ವಾರಕ್ಕಿರಲಿ.

ಈ ಸೀಮೆ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು, ಕೊಪ್ಪಳ ಸಾಲಾರ್‌ಜಂಗರ ಜಹಗೀರು. ಆಮೇಲೆ ರಾಯಚೂರು ಜಿಲ್ಲೆಯ ಭಾಗ. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾದಾಗ ಕಚೇರಿ, ಕಾಲೇಜುಗಳ ಜೊತೆಗೆ ಮನೆ ಬಿಟ್ಟು ಬಂದು ಉಣ್ಣುವವರೂ ಹೆಚ್ಚಿದರು. ತಿಂಗಳಿಗೆ ಇಷ್ಟು ಎಂದು ಮೊದಲೇ ಕೊಟ್ಟು ದಿನಕ್ಕೆರಡು ಹೊತ್ತು ಉಣ್ಣುವ ಪದ್ಧತಿ ಇಂಥವರಿಂದಲೇ ನಡೆಯುತ್ತದೆ. ಊರಿಗೆ ಹೋದ ದಿನ ಲೆಕ್ಕದಿಂದ ಬಿಡುತ್ತಾರೆ. ಜ್ವರ ಬಂದರೆ ಡಬ್ಬಿಯಲ್ಲಿ ಗಂಜಿ ಹೋಗುತ್ತದೆ. "ಯಾಕ್ ತಮ್ಮಾ, ನಿನ್ನಿ ಊಟಕ್ ಬರ್ಲಿಲ್ಲ?" ಎಂದು ಕೇಳುವ ಅವ್ವಾರು ಪರವೂರಿನಲ್ಲಿ ಸಿಗುವುದು ದೊಡ್ಡ ಆಸರೆ.

ಬೆಂಚಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. 'ಲಿಂಗಾಯತ ಖಾನಾವಳಿ' ಎಂಬ ಬೋರ್ಡು ಉತ್ತರ ಕರ್ನಾಟಕದಲ್ಲಿ ಎಲ್ಲೆಡೆ ಇದೆ. ಇಲ್ಲಿ ಶಾಕಾಹಾರ ಸಿಗುತ್ತದೆ ಎಂಬ ಸೂಚನೆಯಾಗಿ ಇಂದು ಅದನ್ನು ಓದುತ್ತೇವೆ. ಹಿಂದೆ ಅದು ಯಾರು ಒಳಗೆ, ಯಾರು ಹೊರಗೆ ಎಂಬುದನ್ನೂ ಹೇಳುತ್ತಿತ್ತು. ಹೋಟೆಲು, ಉಪಾಹಾರ ಗೃಹಗಳಿಗೆ ಜಾತಿಯ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆದರೂ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದ ಪ್ರಕರಣದ ಹಿಂದೆ ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ಅವರಿಗೆ ಮುಚ್ಚಿದ್ದ ಸಂಗತಿಯೂ ಇತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ ಆ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪೇಟೆಯ ಖಾನಾವಳಿಯಲ್ಲಿ ಪಕ್ಕದವನ ಹೆಸರು ಕೇಳದೆ ಒಂದೇ ತಂಬಿಗೆಯ ನೀರು ಬಗ್ಗಿಸಿಕೊಳ್ಳುವುದನ್ನು ಕಂಡಾಗ, ಈ ಜಿಲ್ಲೆಯಲ್ಲಿ ಅದು ಸಣ್ಣ ವಿಷಯವಲ್ಲ ಎಂದು ನೆನಪಾಗುತ್ತದೆ.

ರೊಟ್ಟಿಯ ಕೈಗಳನ್ನು ಈ ಸೀಮೆ ಒಟ್ಟಾಗಿ ಕಾಣುವುದು ಜನವರಿಯಲ್ಲಿ, ಗವಿಮಠದ ಜಾತ್ರೆಗೆ. ವಾರಗಳ ಮೊದಲೇ ಹಳ್ಳಿಹಳ್ಳಿಯ ಹೆಂಗಸರು ಬಡಿದು ಒಣಗಿಸಿದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ಬಂದು ಮಹಾದಾಸೋಹಕ್ಕೆ ಸೇರುತ್ತದೆ. ಅದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಖಾನಾವಳಿಯಲ್ಲಿ ಬೆಲೆ ಕಟ್ಟಲೇಬೇಕು, ಅಲ್ಲಿ ಕಷ್ಟ ಶುರುವಾಗುತ್ತದೆ. ಬಡಿಯುವವರ ಭುಜ, ಮಣಿಕಟ್ಟು ನೋಯುತ್ತದೆ, ಹೊಗೆ ಕಣ್ಣಿಗೆ ಹೊಡೆಯುತ್ತದೆ. ಹೆಣ್ಣುಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲೇಬೇಕು. ಹಾಗಾಗಿ ಹಲವು ಖಾನಾವಳಿಗಳು ರೊಟ್ಟಿಯನ್ನು ಹೊರಗಿನ ಮನೆಗಳಿಂದ, ರೊಟ್ಟಿ ಕೇಂದ್ರಗಳಿಂದ ಎಣಿಕೆಯ ಮೇಲೆ ತರಿಸುತ್ತವೆ. ಯಂತ್ರವೂ ಬಂದಿದೆ. ಯಂತ್ರದ ರೊಟ್ಟಿ ದುಂಡಗಿರುತ್ತದೆ, ದಪ್ಪ ಒಂದೇ ಸಮ. ಬಾಯಿಗಿಟ್ಟರೆ ಕೈರೊಟ್ಟಿಯ ಮೆತುವಿಲ್ಲ. ಕೈರೊಟ್ಟಿ ಉಳಿಯಬೇಕೆಂದರೆ ಊಟಕ್ಕೆ ಇನ್ನಷ್ಟು ರೂಪಾಯಿ ಕೊಡಲು ನಾವು ಒಪ್ಪಬೇಕು, ಆ ಹೆಚ್ಚಿನ ದುಡ್ಡು ಗಲ್ಲೆಯಲ್ಲಿ ಉಳಿಯದೆ ಒಲೆಯ ಮುಂದಿನವರಿಗೆ ಮುಟ್ಟಬೇಕು. ಪೇಟೆಯಲ್ಲಿ ಒಂದು ಪಿಜ್ಜಾಕ್ಕೆ ಚೌಕಾಸಿಯಿಲ್ಲದೆ ಕೊಡುವವರು ರೊಟ್ಟಿಯೂಟದ ಹತ್ತು ರೂಪಾಯಿಗೆ ಮುಖ ಗಂಟಿಕ್ಕುವುದು ನ್ಯಾಯವಲ್ಲ.

ಹಂಪಿಗೋ ಅಂಜನಾದ್ರಿಗೋ ಹೋಗುವವರು ಈ ದಾರಿಯಲ್ಲೇ ಹಾಯುತ್ತೀರಿ. ಮಧ್ಯಾಹ್ನ ಒಂದರೊಳಗೆ ಖಾನಾವಳಿ ಸೇರಿ. ತಡವಾದರೆ ಎಣ್ಣಿಗಾಯಿ ಮುಗಿದು ಬರೀ ರಸ ಉಳಿದಿರುತ್ತದೆ. ಖಡಕ್ ರೊಟ್ಟಿಯನ್ನು ಮನೆಗೆ ಕಟ್ಟಿಸಿಕೊಳ್ಳಬಹುದು, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡದು. ಅಲ್ಲಿ ಕೂತಾಗ ಮಾತ್ರ ಬಿಸಿ ರೊಟ್ಟಿಯನ್ನೇ ಕೇಳಿ, ಒಂದೊಂದಾಗಿ ಹಾಕಿಸಿಕೊಳ್ಳಿ.