ಹಳೇ ಕಾರಿನ ಫ್ಯುಯೆಲ್ ಪಂಪ್: ಟ್ಯಾಂಕ್ ಇಳಿಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ಅಪ್ಪ ಕೊಂಡಿದ್ದ ಕಾರು ಈಗ ಮಕ್ಕಳ ಕೈಗೆ ಬಂದಿರೋ ಮನೆಗಳು ಯಲಹಂಕ, ಆರ್.ಟಿ. ನಗರದ ಕಡೆ ಬೇಕಾದಷ್ಟಿವೆ. ಕೆಎ-04 ಅಥವಾ ಕೆಎ-50 ನಂಬರಿನ, 15 ವರ್ಷ ದಾಟಿದ ಹ್ಯಾಚ್‌ಬ್ಯಾಕ್. ಬ್ಯಾಟರಿ, ಬ್ರೇಕ್, ಕ್ಲಚ್ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿರುತ್ತೆ. ಆದರೆ ಫ್ಯುಯೆಲ್ ಪಂಪ್ ಅಂತ ಒಂದಿದೆ ಅನ್ನೋದು ಗೊತ್ತಾಗೋದೇ ಅದು ಕೈಕೊಟ್ಟ ದಿನ. ಅದೂ ಹೆಬ್ಬಾಳ ಫ್ಲೈಓವರ್ ಏರುವಾಗ, ಹಿಂದೆ ಏರ್‌ಪೋರ್ಟ್ ಬಸ್ಸು ಹಾರ್ನ್ ಹೊಡೀತಿರುವಾಗ!

ಈ ರಿಪೇರಿಯಲ್ಲಿ ಪಾರ್ಟ್‌ಗಿಂತ ಕಷ್ಟ ಇರೋದು ಅದನ್ನು ತಲುಪೋದರಲ್ಲಿ. ಹಾಗಾಗಿ ಬಿಚ್ಚಿಸುವ ಮುಂಚೆ ಖಚಿತ ಮಾಡ್ಕೋಬೇಕು, ಬಿಚ್ಚಿಸಿದ ಮೇಲೆ ಒಂದೇ ಸಲಕ್ಕೆ ಮುಗಿಸಬೇಕು.

ಪಂಪ್ ಟ್ಯಾಂಕಿನ ಒಳಗೆ ಯಾಕೆ?

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಬಾನೆಟ್ ಎತ್ತಿದರೆ ಕೈಗೆ ಸಿಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರ ಕಾರ್ಬುರೇಟರ್ ಇಂಜಿನ್ನಿನಲ್ಲೂ ಹಾಗೇ. 2000ದ ಹೊತ್ತಿಗೆ ಮಾಲಿನ್ಯ ನಿಯಮ ಬಿಗಿಯಾಯಿತು, ಕಾರ್ಬುರೇಟರ್ ಜಾಗಕ್ಕೆ ಎಂಪಿಎಫ್‌ಐ ಬಂತು. ಇದರ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿ ಬೇಕು. ಅಂದ್ರೆ ಟೈರಿಗೆ ಹಾಕಿಸೋ ಗಾಳಿಯ ಒಂದೂವರೆ ಪಟ್ಟು.

ಅಷ್ಟು ಒತ್ತಡಕ್ಕೆ ಎಲೆಕ್ಟ್ರಿಕ್ ಮೋಟರ್ ಬೇಕು, ಅದು ಬಿಸಿಯಾಗುತ್ತೆ. ಟ್ಯಾಂಕಿನಲ್ಲಿ ಮುಳುಗಿಸಿಟ್ಟರೆ ಪೆಟ್ರೋಲೇ ಅದನ್ನು ತಣ್ಣಗಿಡುತ್ತೆ, ಸದ್ದೂ ಕಮ್ಮಿ. ಪೆಟ್ರೋಲಿನೊಳಗೆ ಕರೆಂಟ್ ಮೋಟರ್ ಅಂದ್ರೆ ಭಯ ಆಗಬಹುದು. ಮುಚ್ಚಿದ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಎಷ್ಟು ದಟ್ಟ ಅಂದ್ರೆ, ಹೊತ್ತಿಕೊಳ್ಳೋಕೆ ಬೇಕಾದಷ್ಟು ಗಾಳಿ ಅಲ್ಲಿರಲ್ಲ. ಟ್ಯಾಂಕ್ ತೆರೆದ ಕ್ಷಣ ಮಾತ್ರ ಈ ಲೆಕ್ಕ ಬದಲಾಗುತ್ತೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಪರೀಕ್ಷೆ, ಆಮೇಲೆ ಸ್ಪ್ಯಾನರ್

ನಮ್ಮ ಮನೆಯ 2007ರ ಕಾರು ಹೋದ ಬೇಸಿಗೆಯಲ್ಲಿ ಲಕ್ಷಣ ತೋರಿಸಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ನಾಲ್ಕೈದು ಸಲ ಸೆಲ್ಫ್ ಹೊಡೀಬೇಕು. ದಿಬ್ಬದಲ್ಲಿ ಎಳೆಯಲ್ಲ. ಬಿಸಿಲಲ್ಲಿ ಅರ್ಧ ಗಂಟೆ ಓಡಿದರೆ ಆಫ್, ತಣ್ಣಗಾದರೆ ಮತ್ತೆ ಸ್ಟಾರ್ಟ್. ಮೂರೂ ಪಂಪ್ ಸೋಲ್ತಿರೋ ಲಕ್ಷಣವೇ. ಆದರೆ ಕೊಳೆ ಕಟ್ಟಿದ ಫಿಲ್ಟರ್, ಸುಟ್ಟ ರಿಲೇ, ತುಕ್ಕು ಹಿಡಿದ ಅರ್ತ್ ವೈರ್‌ನಿಂದಲೂ ಹೀಗೇ ಆಗಬಹುದು.

ಮೊದಲು ಹೋದ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಬಗ್ಗಿಯೂ ನೋಡದೆ, "ಪಂಪ್ ಅಸೆಂಬ್ಲಿ ಪೂರ್ತಿ ಹೋಗಿದೆ ಸರ್" ಅಂದರು. ಯಲಹಂಕದ ಇನ್ನೊಬ್ಬ ಮೆಕ್ಯಾನಿಕ್, "ಅರ್ಜೆಂಟ್ ಮಾಡ್ಬೇಡಿ ಸರ್. ಫಸ್ಟು ಪ್ರೆಶರ್ ನೋಡೋಣ, ಆಮೇಲೆ ಟ್ಯಾಂಕ್ ಮುಟ್ಟೋಣ" ಅಂದರು. ಅವರು ಮಾಡಿದ ಪರೀಕ್ಷೆಗಳು ಇವು. ನೀವೂ ಕೇಳಿ ಮಾಡಿಸಬಹುದು.

• ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು 'ಗುಂಯ್' ಅನ್ನೋ ಸದ್ದು ಬರಬೇಕು.
• ಸದ್ದಿಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಬೇಕು. ಇವು ಅಗ್ಗದ ಪಾರ್ಟ್‌ಗಳು, ಬದಲಿಸೋದು ಐದು ನಿಮಿಷದ ಕೆಲಸ.
• ಪಂಪಿನ ಕನೆಕ್ಟರ್‌ಗೆ ಬ್ಯಾಟರಿಯ ವೋಲ್ಟೇಜ್ ಪೂರ್ತಿ ಬರ್ತಿದೆಯಾ ಅಂತ ಮೀಟರ್ ಇಟ್ಟು ನೋಡಬೇಕು. ಕಮ್ಮಿ ಇದ್ದರೆ ತಪ್ಪು ವೈರಿಂಗ್‌ನದ್ದು.
• ಕೊನೆಗೆ ಫ್ಯುಯೆಲ್ ಲೈನಿಗೆ ಪ್ರೆಶರ್ ಗೇಜ್. ನಮ್ಮ ಕಾರಲ್ಲಿ ಅದು 3 ಬಾರ್ ಬದಲು 2ರ ಕೆಳಗೇ ನಿಂತಿತ್ತು. ವೋಲ್ಟೇಜ್ ಸರಿಯಿತ್ತು, ಹೊರಗಿನ ಫಿಲ್ಟರ್ ಹೊಸದು. ಹಾಗಾಗಿ ಟ್ಯಾಂಕಿನೊಳಗೇ ತೊಂದರೆ ಅಂತ ಖಚಿತವಾಯಿತು.

ಮುಚ್ಚಳ ಇದ್ದರೆ ಪುಣ್ಯ

ಕೆಲವು ಕಾರುಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಪಂಪಿನ ನೇರಕ್ಕೆ ಒಂದು ಮುಚ್ಚಳ ಇರುತ್ತೆ. ಅಲ್ಲಿಂದಲೇ ಪಂಪ್ ಹೊರತೆಗೆಯಬಹುದು, ಒಂದೆರಡು ಗಂಟೆಯ ಕೆಲಸ. ಮುಚ್ಚಳ ಇಲ್ಲದ ಕಾರಾದರೆ ಟ್ಯಾಂಕನ್ನೇ ಕೆಳಗಿಳಿಸಬೇಕು. ಪೆಟ್ರೋಲ್ ಖಾಲಿ ಮಾಡಿ, ಪೈಪ್‌ಗಳನ್ನು ಬಿಡಿಸಿ, ಅಡ್ಡ ಬರೋ ಸೈಲೆನ್ಸರ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಸರಿಸಿ, ತುಕ್ಕು ಹಿಡಿದ ಬೋಲ್ಟ್ ಬಿಚ್ಚೋ ಹೊತ್ತಿಗೆ ಅರ್ಧ ದಿನ ಹೋಗುತ್ತೆ. ನಮ್ಮದು ಈ ಎರಡನೇ ಜಾತಿ.

ಆಗ ಬರೋ ಸುಲಭದ ಸಲಹೆ: "ಸೀಟ್ ಕೆಳಗೆ ಶೀಟ್ ಕಟ್ ಮಾಡಿ ಕಿಂಡಿ ಮಾಡ್ಬಿಡೋಣ ಸರ್, ಮುಂದಕ್ಕೂ ಅನುಕೂಲ." ದಯವಿಟ್ಟು ಒಪ್ಪಬೇಡಿ. ಪೆಟ್ರೋಲ್ ಟ್ಯಾಂಕಿನ ಮೇಲಿನ ತಗಡನ್ನು ಕತ್ತರಿಸುವಾಗ ಒಂದು ಕಿಡಿ ಸಾಕು. ಕಿಂಡಿ ಸರಿಯಾಗಿ ಮುಚ್ಚದಿದ್ದರೆ ನೀರು, ಪೆಟ್ರೋಲ್ ಆವಿ ಎರಡೂ ಒಳಗೆ ಬರುತ್ತವೆ. ಆ ಸೀಟಲ್ಲಿ ಕೂರೋದು ನಮ್ಮ ಮನೆ ಮಕ್ಕಳೇ ತಾನೇ?

ಬೇಸ್‌ಮೆಂಟಿನಲ್ಲಿ ಬೇಡವೇ ಬೇಡ

ಆ್ಯಪ್‌ನಲ್ಲಿ ಬುಕ್ ಮಾಡಿದರೆ ಮನೆ ಬಾಗಿಲಿಗೇ ಬಂದು ರಿಪೇರಿ ಮಾಡ್ತಾರೆ. ಆಯಿಲ್ ಬದಲಿಸೋಕೆ, ಬ್ಯಾಟರಿ ಹಾಕೋಕೆ ಸರಿ. ಆದರೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಟ್ಯಾಂಕ್ ತೆರೆಯೋಕೆ ಯಾರಿಗೂ ಬಿಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಲ್ಲ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತೆ. ದೂರದ ಸಂಪ್ ಮೋಟರಿನ ಸ್ವಿಚ್ಚಿನ ಕಿಡಿಯೂ ಅದಕ್ಕೆ ಬೆಂಕಿ ಹಚ್ಚಬಹುದು.

ಬಯಲಲ್ಲಿ, ಇಂಜಿನ್ ತಣ್ಣಗಾದ ಮೇಲೆಯೇ ಕೆಲಸ ಆಗಬೇಕು. ಮೊದಲು ಲೈನಿನ ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ತೆಗೆದಿಡಬೇಕು. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇರಬೇಕು. ಬೀಡಿ, ವೈರ್ ಎಳೆದ ಬಲ್ಬ್ ಹತ್ತಿರ ಸುಳಿಯಬಾರದು.

ಬಿಚ್ಚಿದ ಮೇಲೆ ಎಲ್ಲಾ ಮುಗಿಸಿ

ನಮ್ಮ ಟ್ಯಾಂಕ್ ಇಳಿಸಿದಾಗ ಪಂಪಿನ ತುದಿಯ ಜಾಲರಿ ಕಪ್ಪು ಕೆಸರಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲ್ ಎಳೆಯೋಕೆ ಒದ್ದಾಡಿ ಮೋಟರ್ ಸವೆದಿತ್ತು. ಹೊಸ ಪಂಪಿನ ಜೊತೆಗೆ ಜಾಲರಿ, ಫಿಲ್ಟರ್, ಓ-ರಿಂಗ್, ಗಟ್ಟಿಯಾಗಿದ್ದ ರಬ್ಬರ್ ಪೈಪ್‌ಗಳನ್ನೂ ಹಾಕಿಸಿದೆವು. ಟ್ಯಾಂಕ್ ತೊಳೆಸಿದೆವು. ಒಂದು ಸಣ್ಣ ಓ-ರಿಂಗ್ ಉಳಿಸಲು ಹೋಗಿ ಅದು ಸೋರಿದರೆ ಮತ್ತೆ ಅರ್ಧ ದಿನದ ಕೂಲಿ ಕೊಡಬೇಕು.

ಪಾರ್ಟ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ, ಆದರೆ ಹಳೇ ಪಂಪ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಹೋಲಿಸಿ. ಗುಜರಿಯಿಂದ ಬಂದ ಸೆಕೆಂಡ್‌ಹ್ಯಾಂಡ್ ಪಂಪ್ ಬೇಡ. ಅದರ ಆಯಸ್ಸು ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಾಗಲ್ಲ.

ಇನ್ನೊಂದು ವಿಷಯ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ. 20 ಎಥನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಎಥನಾಲ್ ನೀರನ್ನು ಹೀರುತ್ತೆ, ಟ್ಯಾಂಕಿನ ಹಳೇ ಕೊಳೆಯನ್ನು ಎಬ್ಬಿಸಬಹುದು, ಹಳೇ ರಬ್ಬರನ್ನು ಹಾಳು ಮಾಡಬಹುದು. ಹೊಸ ಪೈಪ್, ಓ-ರಿಂಗ್ ಕೊಳ್ಳುವಾಗ ಇ20ಗೆ ಆಗುತ್ತಾ ಅಂತ ಕೇಳಿಯೇ ತಗೊಳ್ಳಿ.

ಖರ್ಚು ಮಾಡೋ ಮುಂಚೆ ಆರ್‌ಸಿ ನೋಡಿ. 15 ವರ್ಷ ಆದಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಬಾಡಿ ಗಟ್ಟಿಯಿದ್ದು ಆರ್‌ಸಿಗೆ ಇನ್ನೂ ಅವಧಿ ಇದ್ದರೆ ಈ ರಿಪೇರಿ ದಂಡ ಅಲ್ಲ.

ಕೊನೆಯದಾಗಿ, ದುಡ್ಡಿಲ್ಲದ ಒಂದು ಅಭ್ಯಾಸ. ಗೇಜ್ ಕೆಂಪು ಗೆರೆ ಮುಟ್ಟೋವರೆಗೆ ಓಡಿಸಬೇಡಿ. ಟ್ಯಾಂಕಿನಲ್ಲಿ ಯಾವಾಗಲೂ ಕಾಲು ಭಾಗವಾದರೂ ಪೆಟ್ರೋಲ್ ಇರಲಿ. ಪಂಪನ್ನು ತಣ್ಣಗಿಡೋದು ಅದೇ.