ಕಾವೇರಿ ಕಾಡಿನ ತರಕರಡಿ

ನೆತ್ತಿಯಿಂದ ಬಾಲದ ಬುಡದವರೆಗೆ ಬೆಳ್ಳಿಬಣ್ಣದ ಕಂಬಳಿಯನ್ನು ಹೊದ್ದಂತೆ ಕಾಣುವ, ಸುಮಾರು 10 ಕಿಲೋಗ್ರಾಂ ಮಾತ್ರ ತೂಗುವ ಈ ಗಿಡ್ಡ ಕಾಲಿನ ಪ್ರಾಣಿಯು, ಎದುರಿಗೆ ಚಿರತೆಯೇ ಬಂದು ನಿಂತರೂ ಹಿಂಜರಿಯದೆ ಹಲ್ಲುಕಿರಿದು ಮೇಲೆರಗುವುದೆಂದರೆ, ಅದನ್ನು ಅದ್ಭುತವೆನ್ನದೆ ಮತ್ತೇನೆನ್ನೋಣ! ಇದೇ ತರಕರಡಿ.

ಈ ನಿರ್ಭಯತೆಗೆ ದೇಹರಚನೆಯ ಆಧಾರವೂ ಉಂಟು. ಇದರ ಚರ್ಮವು ದಪ್ಪವಾಗಿಯೂ ಬಹು ಸಡಿಲವಾಗಿಯೂ ಇರುವುದರಿಂದ, ವೈರಿಯು ಕುತ್ತಿಗೆಯನ್ನು ಕಚ್ಚಿ ಹಿಡಿದಿರುವಾಗಲೂ, ತೊಟ್ಟ ನಿಲುವಂಗಿಯೊಳಗೆ ಮೈ ತಿರುಗಿಸಿದಂತೆ ಆ ಚರ್ಮದೊಳಗೇ ಹೊರಳಿ, ಹಿಡಿದವನ ಮೋರೆಯನ್ನೇ ಕಚ್ಚಬಲ್ಲದು. ನಾಗರಹಾವಿನ ನರವಿಷವು ಸ್ನಾಯುಗಳಲ್ಲಿ ಸುಲಭವಾಗಿ ನೆಲೆಗೊಳ್ಳದಂತೆ, ಆ ವಿಷವು ಅಂಟಿಕೊಳ್ಳುವ ಗ್ರಾಹಕಗಳೇ ಇದರಲ್ಲಿ ಮಾರ್ಪಟ್ಟಿವೆ.

ಉದ್ದವಾದ ಉಗುರುಗಳಿಂದ ನೆಲವನ್ನು ಬಗೆದು, ಜೇನುಗೂಡುಗಳನ್ನು ಒಡೆದು, ಇರುಳೆಲ್ಲ ಒಂಟಿಯಾಗಿ ಅಲೆಯುವ ಈ ನಿಶಾಚರಿಯು ಕಾವೇರಿ ವನ್ಯಜೀವಿಧಾಮದಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳಿಗೆ ಸಿಕ್ಕಿದ ವಾರ್ತೆಯು, 2014ರಲ್ಲಿ ಪ್ರಕಟವಾಯಿತು.