18ನೇ ಶತಮಾನದ ಕಾರ್ಸೆಟ್ ಮತ್ತು ನಮ್ಮ ಮನೆಯ ಹೊಲಿಗೆ ಯಂತ್ರ

ಪ್ರಥಮ ಪಿಯುಸಿಯಲ್ಲಿ ಫ್ರೆಂಚ್ ಕ್ರಾಂತಿಯ ಪಾಠ ನಡೆಯುತ್ತಿತ್ತು. 1789ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಹೆಂಗಸರು ರೊಟ್ಟಿಗಾಗಿ ವರ್ಸೇಲ್ಸ್ ಅರಮನೆಯವರೆಗೆ ಮಳೆಯಲ್ಲಿ ನಡೆದುಹೋದರು ಎಂದು ಮೇಡಂ ಹೇಳಿದರು. ನನಗೊಂದು ಸಂಶಯ ಬಂತು. ಆ ಕಾಲದ ಯುರೋಪಿನ ಹೆಂಗಸರು ಉಸಿರು ಕಟ್ಟುವಷ್ಟು ಬಿಗಿಯಾದ ಕಾರ್ಸೆಟ್ ಹಾಕುತ್ತಿದ್ದರು ಎಂದು ಸಿನಿಮಾಗಳಲ್ಲಿ ನೋಡಿದ್ದೆ. ಹಾಗಿದ್ದರೆ ಅಷ್ಟು ದೂರ ನಡೆಯುವುದು ಹೇಗೆ? ಕೇಳಿದಾಗ ಮೇಡಂ, "ಒಳ್ಳೆಯ ಪ್ರಶ್ನೆ, ನೀನೇ ಹುಡುಕಿ ಹೇಳು" ಎಂದರು.

ಹಳೆಯ ಕಾಲದ ಉಡುಪುಗಳನ್ನು ಮನೆಯಲ್ಲಿ ಹೊಲಿದು ನೋಡುವುದು ನನ್ನ ಹವ್ಯಾಸ. ಆದ್ದರಿಂದ ಓದುವುದರ ಜೊತೆಗೆ ಒಂದನ್ನು ಹೊಲಿದೇ ನೋಡೋಣ ಎಂದುಕೊಂಡೆ.

ಕಾರ್ಸೆಟ್ ಎಂದರೇನು?

18ನೇ ಶತಮಾನದ ಇಂಗ್ಲೆಂಡಿನಲ್ಲಿ ಇದನ್ನು 'ಸ್ಟೇಸ್' ಎನ್ನುತ್ತಿದ್ದರು. ಕಾರ್ಸೆಟ್ ಎಂಬ ಹೆಸರು ರೂಢಿಯಾದದ್ದು ನಂತರ. ಇದನ್ನು ನೇರವಾಗಿ ಮೈಮೇಲೆ ಹಾಕುವುದಿಲ್ಲ. ಒಳಗೆ ಸಡಿಲವಾದ ಲಿನನ್ ಅಂಗಿ, ಅದರ ಮೇಲೆ ಸ್ಟೇಸ್, ಅದರ ಮೇಲೆ ಉಳಿದ ಉಡುಪು. ಬೆವರು ಹೀರುವುದು ಒಳ ಅಂಗಿಯಾದ್ದರಿಂದ ಮತ್ತೆ ಮತ್ತೆ ಒಗೆಯುವುದು ಅದನ್ನು ಮಾತ್ರ. ಎದೆ ಮತ್ತು ಬೆನ್ನಿಗೆ ಆಧಾರ ಕೊಡುವುದು, ಭಾರವಾದ ಲಂಗಗಳ ಲಾಡಿ ಸೊಂಟವನ್ನು ಕೊರೆಯದಂತೆ ತಡೆಯುವುದು ಸ್ಟೇಸ್‌ನ ಕೆಲಸ. ಶ್ರೀಮಂತರಷ್ಟೇ ಅಲ್ಲ, ಮನೆಗೆಲಸ, ಹೊಲಗೆಲಸ ಮಾಡುವ ಹೆಂಗಸರೂ ಇದನ್ನು ತೊಡುತ್ತಿದ್ದರು. ಅಂದಮೇಲೆ ಇದನ್ನು ಹಾಕಿಕೊಂಡು ಬಗ್ಗಲು, ಭಾರ ಎತ್ತಲು ಆಗುತ್ತಿತ್ತು ಎಂದಾಯಿತು.

ಇದನ್ನು ಹೊಲಿಯುತ್ತಿದ್ದವರು ಹೆಚ್ಚಾಗಿ ಗಂಡಸರು. ಫ್ರೆಂಚ್ ಕ್ರಾಂತಿಯನ್ನು ಸಮರ್ಥಿಸಿ 1791ರಲ್ಲಿ 'ರೈಟ್ಸ್ ಆಫ್ ಮ್ಯಾನ್' ಬರೆದ ಥಾಮಸ್ ಪೇನ್ ಹುಡುಗನಾಗಿದ್ದಾಗ ತಂದೆಯ ಬಳಿ ಕಲಿತದ್ದು ಇದೇ ಕಸುಬನ್ನು!

ಹೊಲಿಯುವ ಕ್ರಮ

ಸ್ಟೇಸ್‌ಗೆ ಎಳೆದರೆ ಹಿಗ್ಗದ ಬಟ್ಟೆ ಬೇಕು. ನಾನು ಯೂನಿಫಾರಂ ಪ್ಯಾಂಟಿಗೆ ಬಳಸುವ ದಪ್ಪ ಹತ್ತಿಯ ಡ್ರಿಲ್ ಬಟ್ಟೆಯನ್ನು ಎರಡು ಪದರ ತೆಗೆದುಕೊಂಡೆ. ಕ್ರಾಸ್ ಕತ್ತರಿಸಿದರೆ ಬಟ್ಟೆ ಹಿಗ್ಗುತ್ತದೆ, ಆದ್ದರಿಂದ ಎಳೆ ನೋಡಿ ಕತ್ತರಿಸಬೇಕು. ಎರಡು ಪದರಗಳನ್ನು ಸೇರಿಸಿ ಉದ್ದಕ್ಕೂ ಸಾಲು ಸಾಲಾಗಿ ಹೊಲಿಗೆ ಹಾಕಿದರೆ ಕಿರಿದಾದ ಕೊಳವೆಗಳಾಗುತ್ತವೆ. ಆ ಕೊಳವೆಗಳಲ್ಲಿ ಗಟ್ಟಿಯಾದ ಕಡ್ಡಿಗಳನ್ನು ತೂರಿಸಬೇಕು.

ಆಗಿನ ಕಡ್ಡಿಗಳನ್ನು 'ತಿಮಿಂಗಿಲದ ಮೂಳೆ' ಎನ್ನುತ್ತಿದ್ದರು. ಆದರೆ ಅದು ಮೂಳೆಯಲ್ಲ. ಹಲ್ಲಿಲ್ಲದ ತಿಮಿಂಗಿಲಗಳ ಬಾಯಲ್ಲಿ ಆಹಾರ ಸೋಸಲು ಇರುವ ಪಟ್ಟಿಗಳು. ನಮ್ಮ ಉಗುರಿನಂತೆ ಅವೂ ಕೆರಾಟಿನ್‌ನಿಂದ ಆದವು. ಮೈಯ ಬಿಸಿಗೆ ಮೆತ್ತಗಾಗಿ ದೇಹದ ಆಕಾರಕ್ಕೆ ಒಗ್ಗುತ್ತಿದ್ದವು. ಇದಕ್ಕಾಗಿ ಎಷ್ಟೋ ತಿಮಿಂಗಿಲಗಳು ಸತ್ತವು. ನನ್ನಂಥ ಹವ್ಯಾಸಿಗಳು ಈಗ ಬಳಸುವುದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗಲವಾದ ಕೇಬಲ್ ಟೈ. ಬೇಕಾದ ಉದ್ದಕ್ಕೆ ಕತ್ತರಿಸಿ ತುದಿಗಳನ್ನು ದುಂಡಗೆ ಉಜ್ಜಬೇಕು, ಇಲ್ಲದಿದ್ದರೆ ಬಟ್ಟೆ ತೂತಾಗಿ ಮೈಗೆ ಚುಚ್ಚುತ್ತದೆ.

ಕೊನೆಯದು ದಾರ ಪೋಣಿಸುವ ತೂತುಗಳು. ಲೋಹದ ರಿಂಗುಗಳು ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಪ್ರತಿ ತೂತನ್ನೂ ಕೈಯಲ್ಲೇ ಹೊಲಿಯುತ್ತಿದ್ದರು. ಇದಕ್ಕೆ ಕತ್ತರಿ ಬಳಸಬಾರದು. ದಬ್ಬಣದಿಂದ ಎಳೆಗಳನ್ನು ಪಕ್ಕಕ್ಕೆ ಸರಿಸಿ ತೂತು ಮಾಡಿ ಸುತ್ತಲೂ ದಾರ ಸುತ್ತಬೇಕು. ಎಳೆ ತುಂಡಾಗದಿರುವುದರಿಂದ ತೂತು ಹರಿಯುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಇದೇ.

ನಾನು ಮಾಡಿದ ತಪ್ಪು

ನೋರಾ ವಾ ಎಂಬವರು 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಉಳಿದುಬಂದಿರುವ ಹಳೆಯ ಸ್ಟೇಸ್‌ಗಳ ನಕ್ಷೆಗಳಿವೆ. ಅಂಥ ಒಂದು ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ದೊಡ್ಡದು ಮಾಡಿ, ಇದ್ದ ಹಾಗೆಯೇ ಕತ್ತರಿಸಿದೆ. ಅದು ಇನ್ನೂರು ವರ್ಷಗಳ ಹಿಂದಿನ ಯಾರೋ ಒಬ್ಬಳ ಅಳತೆ. ನನ್ನ ಸೊಂಟಕ್ಕಿಂತ 5 ಇಂಚು ಕಡಿಮೆ ಇತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಸೊಂಟ ಅಷ್ಟು ಸಣ್ಣಗೆ ಕಂಡರೆ ಚೆನ್ನಾಗಿರುತ್ತದೆ ಎಂಬ ಆಸೆಯೂ ಇತ್ತು.

ಹೊಲಿದು ಮುಗಿಸಿ, ಬಾಗಿಲು ಹಾಕಿಕೊಂಡು ತಂಗಿಯಿಂದ ದಾರ ಎಳೆಸಿಕೊಂಡೆ. ಹತ್ತು ನಿಮಿಷದಲ್ಲಿ ಕೈ ತಣ್ಣಗಾಗಿ ಕಣ್ಣು ಕತ್ತಲೆ ಬಂತು. ಗಂಟು ಬಿಚ್ಚಲು ಆಗಲಿಲ್ಲ. ತಂಗಿ ಕೂಗಿದಾಗ ಉಮ್ಮ ಓಡಿಬಂದು ಕತ್ತರಿಯಿಂದ ದಾರ ಕತ್ತರಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ನೀರು ಕುಡಿಸಿ, "ಮೋಳೇ, ಮೈ ನೋಡಿ ಬಟ್ಟೆ ಹೊಲಿಯಬೇಕು. ಬಟ್ಟೆ ನೋಡಿ ಮೈ ಹೊಲಿಯುವುದಕ್ಕೆ ಆಗುತ್ತದಾ?" ಎಂದರು ಅಷ್ಟೆ.

ಎರಡನೆಯದನ್ನು ಉಮ್ಮನ ಜೊತೆ ಕುಳಿತು ಮಾಡಿದೆ. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದೆವು. ಇಂಗ್ಲಿಷ್‌ನಲ್ಲಿ ಇಂಥ ಮಾದರಿಗೆ 'ಮಸ್ಲಿನ್' ಎಂದೂ ಹೇಳುತ್ತಾರೆ. ಇರಾಕಿನ ಮೋಸುಲ್ ನಗರದ ಹೆಸರಿನಿಂದ ಬಂದ ಪದವದು. ಮಾದರಿಯನ್ನು ಹಾಕಿಕೊಂಡು ಕುಳಿತು, ಬಗ್ಗಿ, ಉಸಿರೆಳೆದು ನೋಡಿ ಸರಿಪಡಿಸಿದ ಮೇಲೆಯೇ ಡ್ರಿಲ್ ಬಟ್ಟೆಗೆ ಕತ್ತರಿ ಹಾಕಿದ್ದು. ಈ ಸಲ ಅಳತೆಗಿಂತ 2 ಇಂಚು ಮಾತ್ರ ಕಡಿಮೆ. ಆ 2 ಇಂಚು ಬೆನ್ನಿನ ಕಡೆ ದಾರದ ನಡುವಿನ ಅಂತರವಾಗಿ ಉಳಿಯುತ್ತದೆ, ಮೈ ಹಿಂಡುವುದಿಲ್ಲ. ಅದನ್ನು ಹಾಕಿಕೊಂಡು ಮನೆ ಗುಡಿಸಿದೆ, ಮಹಡಿ ಹತ್ತಿಳಿದೆ. ಬೆನ್ನು ನೆಟ್ಟಗಿತ್ತು, ಉಸಿರು ಸರಾಗವಾಗಿತ್ತು. ಮೇಡಂ ಅವರಿಗೆ ನನ್ನ ಉತ್ತರ ಸಿಕ್ಕಿತು: ಅಳತೆಗೆ ಸರಿಯಾಗಿದ್ದರೆ ನಡೆಯಬಹುದು.

ಚಿತ್ರಗಳನ್ನು ನಂಬುವ ಮೊದಲು

ಅತಿಯಾಗಿ ಬಿಗಿದುಕೊಳ್ಳುವವರು ಆಗಲೂ ಇದ್ದರು, ವೈದ್ಯರು ಅದನ್ನು ಖಂಡಿಸಿ ಬರೆದಿದ್ದಾರೆ. ಲೋಹದ ರಿಂಗುಗಳು ಬಂದ ಮೇಲೆ ಇನ್ನಷ್ಟು ಬಲವಾಗಿ ಎಳೆಯುವುದು ಸಾಧ್ಯವಾಯಿತು. ಆದರೆ 19ನೇ ಶತಮಾನದ ಫೋಟೋಗಳಲ್ಲಿ ಕಾಣುವ ಕಡ್ಡಿಯಂಥ ಸೊಂಟಗಳಲ್ಲಿ ಕೆಲವು ಫೋಟೋ ತೊಳೆಯುವವರ ಕೈಚಳಕ. ನೆಗೆಟಿವ್ ಮೇಲೆಯೇ ತಿದ್ದುತ್ತಿದ್ದರು. ಸೊಂಟದ ಮೇಲೆ, ಕೆಳಗೆ ಮೆತ್ತೆ ಇಟ್ಟು ನಡುವಿನ ಭಾಗ ಸಣ್ಣದಾಗಿ ಕಾಣುವಂತೆ ಮಾಡುವುದೂ ಇತ್ತು.

ಈಗ ಫೋನಿನಲ್ಲಿ ಫಿಲ್ಟರ್ ಮಾಡುವುದೂ ಇದನ್ನೇ. ಸೊಂಟ ಸಣ್ಣ ಮಾಡುವ ಬೆಲ್ಟುಗಳ ಜಾಹೀರಾತು ನಮ್ಮೆಲ್ಲರ ಮೊಬೈಲಿಗೂ ಬರುತ್ತದೆ. ಗೆಳತಿಯರೇ, ಕೊಳ್ಳುವ ಮೊದಲು ನನ್ನ ಆ ಹತ್ತು ನಿಮಿಷ ನೆನಪಿಸಿಕೊಳ್ಳಿ.

ಎರಡನೆಯ ಸ್ಟೇಸ್ ಅನ್ನು ದಿಂಬಿಗೆ ಕಟ್ಟಿ ಕಾಲೇಜಿಗೆ ತಂದು ತೋರಿಸಿದ್ದೇನೆ. ಮೊದಲನೆಯದು ಕತ್ತರಿಸಿದ ದಾರದೊಂದಿಗೆ ಕಪಾಟಿನಲ್ಲಿದೆ. ಹೊಲಿಗೆ ಕಲಿಯುವ ಆಸಕ್ತಿ ಇದ್ದವರು ಬಂದು ಕೇಳಿ. ಇನ್ಶಾ ಅಲ್ಲಾಹ್, ಎರಡನ್ನೂ ತರುತ್ತೇನೆ.